ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ಮೊದಲ ಕೆಲವು ಗಂಟೆ: ಡಾಕ್ಟರ್ ಏನು ಮಾಡ್ತಾರೆ, ನೀವೇನು ಮಾಡಬೇಕು

ಸ್ಟ್ರೋಕ್ ಆದವರನ್ನು ಎಮರ್ಜೆನ್ಸಿಗೆ ತಂದಾಗ ಮನೆಯವರನ್ನು ನಾವು ಮೊದಲು ಕೇಳೋದು ಟೈಮು. ಎಷ್ಟು ಗಂಟೆಗೆ ಶುರುವಾಯಿತು? ಇದಕ್ಕೆ ಸರಿಯಾದ ಉತ್ತರ ಸಿಗೋದು ಕಡಿಮೆ. ಒಬ್ಬರು ಏಳು ಅಂತಾರೆ, ಇನ್ನೊಬ್ಬರು ಎಂಟೂವರೆ ಅಂತಾರೆ, ಮೂರನೆಯವರು "ಬೆಳಗ್ಗೆ ಚೆನ್ನಾಗೇ ಇದ್ರು ಸಿಸ್ಟರ್, ಕಾಫಿ ಕುಡಿದ್ರು" ಅಂತ ಅಳೋಕೆ ಶುರು ಮಾಡ್ತಾರೆ. ಆದರೆ ಮುಂದಿನ ಟ್ರೀಟ್‌ಮೆಂಟ್ ಎಲ್ಲ ನಿಂತಿರೋದು ಆ ಒಂದು ಉತ್ತರದ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಎಮರ್ಜೆನ್ಸಿ ವಾರ್ಡಿನ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಪೇಷಂಟಿಗೆ ಇಂಥದ್ದೇ ಕೊಡಿ ಅಂತ ಹೇಳೋದು ನನ್ನ ಕೆಲಸವಲ್ಲ. ಒಳಗೆ ಏನು ನಡೆಯುತ್ತದೆ, ಯಾಕೆ ಅಷ್ಟು ಅವಸರ, ಆ ಅವಸರದಲ್ಲಿ ನೀವು ಎಲ್ಲಿ ನಿಲ್ಲಬೇಕು, ಇಷ್ಟನ್ನು ಹೇಳುತ್ತೇನೆ.

ಮೊದಲು ಕಾಯಿಲೆ ಏನಂತ ತಿಳ್ಕೊಳ್ಳಿ. ಸ್ಟ್ರೋಕ್‌ನಲ್ಲಿ ಎರಡು ಥರ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗೋದು ಒಂದು. ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರೋದು ಇನ್ನೊಂದು. ನಮ್ಮಲ್ಲಿ ಬರೋದು ಜಾಸ್ತಿ ಮೊದಲನೆಯದೇ. ವಿ.ಸಿ. ನಾಲೆಯಲ್ಲಿ ಎಲ್ಲೋ ಮೇಲ್ಗಡೆ ಕಸ ಕಟ್ಟಿಕೊಂಡರೆ ಕೊನೆಭಾಗದ ಗದ್ದೆಗಳಿಗೆ ನೀರು ನಿಲ್ಲುತ್ತದಲ್ಲ, ಕೆಲವು ಗದ್ದೆ ಅವತ್ತೇ ಬಾಡುತ್ತವೆ, ಕೆಲವು ಪಕ್ಕದ ಕಾಲುವೆಯಿಂದ ಒಸರುವ ಸ್ವಲ್ಪ ನೀರಲ್ಲೇ ಜೀವ ಹಿಡ್ಕೊಂಡಿರುತ್ತವೆ, ಇಲ್ಲೂ ಹಾಗೇ. ಪೂರ್ತಿ ಸತ್ತ ಭಾಗವನ್ನು ಯಾರಿಂದಲೂ ಬದುಕಿಸೋಕೆ ಆಗಲ್ಲ. ಅದರ ಸುತ್ತ ಅರೆಜೀವವಾಗಿ ಕಾಯ್ತಿರುವ ಭಾಗ ಇದೆಯಲ್ಲ, ಅದನ್ನು ಉಳಿಸೋಕೇ ಇಷ್ಟೆಲ್ಲ ಓಡಾಟ. ದೊಡ್ಡ ನಾಳ ಮುಚ್ಚಿದರೆ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ.

ಮನೆಯಿಂದ ಹೊರಡುವಾಗ

ಬಾಯಿ ಒಂದು ಕಡೆ ವಾಲಿದೆಯಾ, ಎರಡೂ ಕೈ ಎತ್ತಿಸಿದರೆ ಒಂದು ಕೆಳಗೆ ಬೀಳುತ್ತಾ, ಮಾತು ತೊದಲುತ್ತಾ ಅಥವಾ ಸಂಬಂಧವಿಲ್ಲದ ಮಾತಾಡ್ತಾರಾ, ಇದ್ದಕ್ಕಿದ್ದಂತೆ ನಡೆಯೋಕೆ ಆಗದೆ ಓಲಾಡ್ತಾರಾ, ಒಂದು ಕಣ್ಣು ಕಾಣಿಸ್ತಿಲ್ಲ ಅಂತಾರಾ. ಇದರಲ್ಲಿ ಒಂದೇ ಒಂದು ಹಠಾತ್ತಾಗಿ ಬಂದರೂ ಸಾಕು, ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂದರೂ ಬನ್ನಿ. ಅದು ದೊಡ್ಡ ಸ್ಟ್ರೋಕ್‌ನ ಮುನ್ಸೂಚನೆ ಇರಬಹುದು, ಮುಂದಿನ ಎರಡು ದಿನವೇ ಅಪಾಯ ಜಾಸ್ತಿ.

ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾರ್ಟಿಗೆ ಅಂತ ಮನೆಯಲ್ಲಿಟ್ಟ ಮಾತ್ರೆಯನ್ನು ನಾಲಿಗೆ ಕೆಳಗೆ ಇಡೋದು, ಬಿಪಿ ಮಾತ್ರೆ ಒಂದರ ಬದಲು ಎರಡು ಕೊಡೋದು, ಆಸ್ಪಿರಿನ್ ಕೊಡೋದು, ಇವೆಲ್ಲ ಬೇಡ. ಮೆದುಳಲ್ಲಿ ರಕ್ತ ಸೋರ್ತಿದ್ದರೆ ಆಸ್ಪಿರಿನ್ ಅದನ್ನು ಇನ್ನೂ ಕೆಡಿಸುತ್ತದೆ, ಮತ್ತು ಯಾವ ಥರದ ಸ್ಟ್ರೋಕ್ ಅಂತ ಸ್ಕ್ಯಾನ್ ಮಾಡದೆ ದೊಡ್ಡ ದೊಡ್ಡ ಡಾಕ್ಟರಿಗೂ ಹೇಳೋಕೆ ಆಗಲ್ಲ. ವಾಂತಿ ಆಗ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ.

ಇನ್ನು ಲಕ್ವಕ್ಕೆ ನಾಟಿ ಔಷಧಿ, ಎಣ್ಣೆ ತಿಕ್ಕೋದು, ಪಾರಿವಾಳದ ರಕ್ತ. ನಮ್ಮ ಜಿಲ್ಲೆಗಳಲ್ಲಿ ಇವತ್ತಿಗೂ ಇದೆ, ಸುಮ್ನೆ ಇಲ್ಲ ಅನ್ನೋದ್ಯಾಕೆ. ಹೋಗಿ ಬಂದವರನ್ನು ನಾನು ಬೈಯಲ್ಲ. ಅಂಥವರಲ್ಲಿ ಕೆಲವರಿಗೆ ಗುಣವಾದ ಹಾಗೆ ಕಾಣೋದಕ್ಕೂ ಕಾರಣ ಇದೆ. ಬಾಯಿ ಮಾತ್ರ ವಾಲುವ, ಮುಖದ ನರಕ್ಕೆ ಬರುವ ಬೇರೆ ತೊಂದರೆಯೊಂದಿದೆ, ಅದು ಎಷ್ಟೋ ಜನಕ್ಕೆ ವಾರಗಳಲ್ಲಿ ತಾನಾಗೇ ಸುಧಾರಿಸುತ್ತದೆ. ಹೆಸರು ಔಷಧಿ ಕೊಟ್ಟವರಿಗೆ ಹೋಗುತ್ತದೆ. ನಿಜವಾದ ಸ್ಟ್ರೋಕ್ ಆದವರು ಅದೇ ಹೆಸರು ಕೇಳಿ ಅಲ್ಲಿಗೆ ಹೋಗಿ ಮೂರು ಗಂಟೆ ಕಳೆದು ಬಂದರೆ, ಕೊಡಬಹುದಾಗಿದ್ದ, ಹೆಪ್ಪು ಕರಗಿಸುವ ಇಂಜೆಕ್ಷನ್ ಫ್ರಿಜ್ಜಲ್ಲೇ ಉಳಿಯುತ್ತದೆ.

ಬ್ಯಾಗಿಗೆ ಹಾಕೋದು ಇಷ್ಟೇ: ದಿನಾ ತಗೊಳ್ಳುವ ಮಾತ್ರೆಗಳ ಸ್ಟ್ರಿಪ್ಪು, ಹಳೇ ಫೈಲು, ಆಧಾರ್, ರೇಷನ್ ಕಾರ್ಡು. ಮಾತ್ರೆ ಚೀಟಿಗಿಂತ ಸ್ಟ್ರಿಪ್ಪೇ ವಾಸಿ, ಚೀಟಿಯ ಅಕ್ಷರ ನಮಗೂ ಓದೋಕೆ ಬರಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ, ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಅನ್ನೋದು ಬೇಕೇ ಬೇಕು. ಇನ್ನೊಂದು, ಪೇಷಂಟನ್ನು ಕೊನೆಯದಾಗಿ ಚೆನ್ನಾಗಿ ನೋಡಿದವರು ಯಾರೋ ಅವರೇ ಗಾಡಿಯಲ್ಲಿ ಬರಲಿ. ಬೆಂಗಳೂರಿನಿಂದ ಹೊರಟ ಮಗ ಆಮೇಲೆ ಬಂದು ಸೇರಿಕೊಳ್ಳಲಿ.

ಆ ಟೈಮನ್ನು ಹೇಗೆ ಹಿಡಿಯೋದು

ನಮಗೆ ಬೇಕಾಗಿರೋದು ನೀವು ಗಮನಿಸಿದ ಟೈಮಲ್ಲ. ಅವರು ಮೊದಲಿನಂತೆ ಚೆನ್ನಾಗಿದ್ದದ್ದನ್ನು ಯಾರಾದರೂ ಕಣ್ಣಾರೆ ನೋಡಿದ ಕೊನೆಯ ಟೈಮು. ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಏಳುವಾಗ ಕೈ ಬಿದ್ದಿದ್ದರೆ ಲೆಕ್ಕ ಹತ್ತರಿಂದಲೇ. ಆದರೆ ನಾಲ್ಕಕ್ಕೆ ಎದ್ದು ತಾವಾಗೇ ಬಾತ್‌ರೂಮಿಗೆ ಹೋಗಿ ಬಂದದ್ದನ್ನು ಹೆಂಡತಿ ನೋಡಿದ್ದರೆ ಲೆಕ್ಕ ನಾಲ್ಕರಿಂದ. ಈ ಆರು ಗಂಟೆ ವ್ಯತ್ಯಾಸದಲ್ಲಿ ಟ್ರೀಟ್‌ಮೆಂಟೇ ಬದಲಾಗಿಬಿಡುತ್ತದೆ.

ಮಂಡ್ಯ ಕಡೆಯವರಿಗೆ ನಾನು ಯಾವಾಗಲೂ ಕೇಳೋದು ಹಾಲಿನ ಲೆಕ್ಕ. ಒಬ್ಬರು ಅಜ್ಜನನ್ನು ಕರ್ಕೊಂಡು ಬಂದಿದ್ದರು, ಯಾವಾಗ ಶುರುವಾಯಿತೋ ಗೊತ್ತಿಲ್ಲ, ಹಟ್ಟಿಯಲ್ಲಿ ಬಿದ್ದಿದ್ದರು ಅಂದರು. ಬೆಳಗ್ಗೆ ಡೇರಿಗೆ ಹಾಲು ಹಾಕಿದ್ದು ಯಾರು ಅಂತ ಕೇಳಿದೆ. ಅವರೇ ಅಂತೆ. ಸೊಸೆ ಊರಿಗೆ ಫೋನ್ ಹಚ್ಚಿ ಡೇರಿಯವರನ್ನು ಕೇಳಿದರು. ಆರೂ ನಲವತ್ತಕ್ಕೆ ಹಾಲು ಹಾಕಿ, ಫ್ಯಾಟ್ ಕಡಿಮೆ ಬಂತು ಅಂತ ಜಗಳ ಬೇರೆ ಆಡಿ ಹೋಗಿದ್ದಾರೆ. ಜಗಳ ಆಡಿದ್ದಾರೆ ಅಂದರೆ ಮಾತು ಸರಿಯಿತ್ತು. ಡಾಕ್ಟರಿಗೆ ಅಷ್ಟು ಸಾಕಾಯಿತು. ಹೀಗೆ ಫೋನಿನ ಕಾಲ್ ಲಿಸ್ಟು, ಬಸ್ ಟಿಕೆಟ್ಟು, ಅಂಗಡಿಯ ಸಿಸಿ ಕ್ಯಾಮೆರಾ, ಗೇಟಿನಲ್ಲಿ ಮಾತಾಡಿಸಿದ ಪಕ್ಕದ ಮನೆಯವರು, ಏನು ಬೇಕಾದರೂ ಸಾಕ್ಷಿ ಆಗಬಹುದು. ಅಂದಾಜಿನ ಮೇಲೆ ಟೈಮು ಹೇಳಬೇಡಿ, ಇಂಜೆಕ್ಷನ್ ಸಿಗಲಿ ಅಂತ ಕಡಿಮೆ ಮಾಡಿಯೂ ಹೇಳಬೇಡಿ. ತಡವಾಗಿ ಕೊಟ್ಟ ಇಂಜೆಕ್ಷನ್ ಜೀವಕ್ಕೇ ಮುಳುವಾಗಬಹುದು.

ಎದ್ದಾಗಲೇ ಹೀಗಿತ್ತು, ಟೈಮು ಸಿಗಲೇ ಇಲ್ಲ ಅಂದರೆ ಕೈಬಿಡ್ತಾರೆ ಅಂದ್ಕೋಬೇಡಿ. ಎಂಆರ್‌ಐ ಅಥವಾ ಬೇರೆ ಥರದ ಸ್ಕ್ಯಾನಿನಲ್ಲಿ ಮೆದುಳಿಗೆ ಪೆಟ್ಟು ಹೊಸದಾ ಹಳೆಯದಾ, ಉಳಿಸುವಂಥ ಭಾಗ ಇನ್ನೂ ಇದೆಯಾ ಅಂತ ನೋಡಿ ತೀರ್ಮಾನ ಮಾಡುವ ದಾರಿ ಇದೆ.

ಯಾವ ಆಸ್ಪತ್ರೆ

ಹತ್ತಿರದ್ದು ಅಂತ ಎಲ್ಲರೂ ಹೇಳ್ತಾರೆ. ಅರ್ಧ ಸರಿ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸಿಟಿ ಸ್ಕ್ಯಾನ್ ಇಲ್ಲದಿದ್ದರೆ ಅಲ್ಲಿ ಡ್ರಿಪ್ ಹಾಕಿಸ್ಕೊಂಡು ಒಂದು ಗಂಟೆ ಕೂತು ಆಮೇಲೆ ರೆಫರ್ ಚೀಟಿ ಹಿಡ್ಕೊಂಡು ಹೊರಡೋದೇ ಆಗುತ್ತದೆ. ಗಾಡಿ ಹತ್ತುವಾಗಲೇ ಫೋನಿನಲ್ಲಿ ಮೂರು ಮಾತು ಕೇಳಿ. ಸಿಟಿ ಈಗ ನಡೀತಿದೆಯಾ, ರಾತ್ರಿಯೂ ಮಾಡ್ತೀರಾ? ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಡಾಕ್ಟರ್ ಇದ್ದಾರಾ, ಇಂಜೆಕ್ಷನ್ ಸ್ಟಾಕ್ ಇದೆಯಾ? ಹೆಪ್ಪನ್ನು ತೂರುನಳಿಕೆ ಹಾಕಿ ತೆಗೆಯೋ ವ್ಯವಸ್ಥೆ ನಿಮ್ಮಲ್ಲೇ ಇದೆಯಾ? ಮೊದಲ ಎರಡಕ್ಕೆ ಹೌದು ಅಂದರೆ ಅಲ್ಲಿಗೇ ಹೋಗಿ. ಮೂರನೆಯದು ಇಲ್ಲದಿದ್ದರೂ ಪರವಾಗಿಲ್ಲ, ಇಂಜೆಕ್ಷನ್ ಶುರು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಇಂಥ ಫೋನ್ ಎಲ್ಲ ಆ ಗಾಬರಿಯಲ್ಲಿ ಆಗಲ್ಲ ಅಂತ ನನಗೂ ಗೊತ್ತು. ಮನೆಯಲ್ಲಿ ಬಿಪಿ, ಶುಗರ್, ಹಾರ್ಟಿನ ತೊಂದರೆ ಇರುವ ಹಿರಿಯರಿದ್ದರೆ ಇವತ್ತೇ ಒಮ್ಮೆ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಮಂಡ್ಯ ಟೌನಿನಲ್ಲಿ ಮಿಮ್ಸ್ ಇದೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ನಮ್ಮೆಲ್ಲರ ದೊಡ್ಡಾಸ್ಪತ್ರೆ, ಜೊತೆಗೆ ದೊಡ್ಡ ಖಾಸಗಿ ಆಸ್ಪತ್ರೆಗಳು. ನೇರ ಬೆಂಗಳೂರಿಗೇ ಹೋಗಿಬಿಡೋಣ, ನಿಮ್ಹಾನ್ಸ್ ಇದೆಯಲ್ಲ ಅಂತ ಮಂಡ್ಯದಿಂದ ಹೊರಡುವವರು ಬಹಳ. ನಿಮ್ಹಾನ್ಸ್ ಬಗ್ಗೆ ಎರಡು ಮಾತಿಲ್ಲ. ಆದರೆ ಮಂಡ್ಯದಿಂದ ಅದು ನೂರು ಕಿಲೋಮೀಟರ್ ಹತ್ತಿರ ಹತ್ತಿರ, ಎಕ್ಸ್‌ಪ್ರೆಸ್‌ವೇ ಮೇಲೆ ಹಾರಿಕೊಂಡು ಹೋದರೂ ಕೆಂಗೇರಿ ದಾಟಿದ ಮೇಲಿನ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಮೈಸೂರು ನಲವತ್ತೈದು ಕಿಲೋಮೀಟರ್ ಆಸುಪಾಸು. ಹತ್ತಿರದಲ್ಲೇ ಸಿಟಿ, ಇಂಜೆಕ್ಷನ್ ಆಗುತ್ತೆ ಅಂದರೆ ಮೊದಲು ಅದನ್ನು ಮುಗಿಸಿ. ಬೆಂಗಳೂರು ಆಮೇಲೂ ಇರುತ್ತದೆ.

ಮೈಸೂರಿನವರಿಗೆ ಒಂದು ಉಪಮಾತು. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆ ಬಂದ್, ದೊಡ್ಡಾಸ್ಪತ್ರೆ ಇರೋದೇ ಆ ದಾರಿಯಲ್ಲಿ. ಅವತ್ತು ಸ್ವಂತ ಕಾರು ತೆಗೆಯೋಕೆ ಹೋಗಬೇಡಿ, 108 ಕರೆಸಿ. ಆಂಬುಲೆನ್ಸಿಗೆ ಪೊಲೀಸರು ದಾರಿ ಬಿಡಿಸ್ತಾರೆ, ನಿಮ್ಮ ಹಾರ್ನಿಗೆ ಬಿಡಿಸಲ್ಲ.

ಬಾಗಿಲಲ್ಲಿ

ಒಬ್ಬರು ಪೇಷಂಟ್ ಜೊತೆ, ಇನ್ನೊಬ್ಬರು ಚೀಟಿ ಮಾಡಿಸೋಕೆ. ಇಬ್ಬರೂ ಚೀಟಿ ಕ್ಯೂನಲ್ಲಿ ನಿಲ್ಲಬೇಡಿ. ಒಳಗೆ ಬಂದ ತಕ್ಷಣ ಗಟ್ಟಿಯಾಗಿ ಹೇಳಿ: "ಸ್ಟ್ರೋಕ್ ಇರಬಹುದು, ಏಳು ಗಂಟೆಗೆ ಚೆನ್ನಾಗಿದ್ರು." ಸುಸ್ತು, ತಲೆಸುತ್ತು, ಬಿಪಿ ಜಾಸ್ತಿಯಾಗಿದೆ ಅಂತ ಶುರು ಮಾಡಿದರೆ ರಶ್ ಇರುವ ದಿನ ಬೆಂಚಿನ ಮೇಲೆ ಕಾಯಬೇಕಾಗಬಹುದು.

ಮೊದಲ ಐದು ನಿಮಿಷದಲ್ಲಿ ಬಹಳ ಕೆಲಸ ಒಟ್ಟಿಗೇ ನಡೆಯುತ್ತದೆ. ಉಸಿರು, ಆಕ್ಸಿಜನ್, ಬಿಪಿ, ಇಸಿಜಿ. ಒಬ್ಬರು ಕೈಗೆ ಸೂಜಿ ಹಾಕಿ ರಕ್ತ ತೆಗೀತಾರೆ, ಇನ್ನೊಬ್ಬರು ಬೆರಳು ಚುಚ್ಚಿ ಶುಗರ್ ನೋಡ್ತಾರೆ. ಶುಗರ್ ನೋಡೋದು ಸುಮ್ನೆ ಅಲ್ಲ. ಶುಗರ್ ತುಂಬಾ ಇಳಿದುಹೋದರೂ ಥೇಟ್ ಸ್ಟ್ರೋಕಿನ ಹಾಗೇ ಕೈಕಾಲು ಬೀಳುತ್ತದೆ, ಮಾತು ನಿಲ್ಲುತ್ತದೆ. ನರಕ್ಕೆ ಗ್ಲೂಕೋಸ್ ಹಾಕಿದರೆ ಎದ್ದು ಕೂತು "ನಾನೆಲ್ಲಿದ್ದೀನಿ" ಅಂತ ಕೇಳಿದವರಿದ್ದಾರೆ.

ಜೊತೆಗೇ ಡಾಕ್ಟರ್ ಸ್ಕೋರ್ ಹಾಕ್ತಾರೆ. ಸೊನ್ನೆಯಿಂದ 42ರವರೆಗೆ ಇರುವ ಅಳತೆ, ಸೊನ್ನೆ ಅಂದರೆ ಏನೂ ತೊಂದರೆ ಇಲ್ಲ. ಯಾವ ತಿಂಗಳು, ವಯಸ್ಸೆಷ್ಟು ಅಂತ ಕೇಳ್ತಾರೆ. ಕಣ್ಣು ಮುಚ್ಚಿ ಅಂತಾರೆ. ಕೈಯನ್ನು ಹತ್ತು ಎಣಿಸುವವರೆಗೆ, ಕಾಲನ್ನು ಐದು ಎಣಿಸುವವರೆಗೆ ಎತ್ತಿ ಹಿಡಿಯೋಕೆ ಹೇಳ್ತಾರೆ. ಇಲ್ಲಿ ಮನೆಯವರ ಒಂದು ಕೆಲಸವೆಂದರೆ ಸುಮ್ಮನಿರೋದು. ಅಜ್ಜಿಗೆ ತಿಂಗಳು ಕೇಳಿದರೆ ಹಿಂದಿನಿಂದ ಮಗಳು "ಜುಲೈ ಅನ್ನವ್ವ, ಜುಲೈ" ಅಂತ ಪಿಸುಗುಟ್ತಾಳೆ, ಮೊಮ್ಮಗ ಬಿದ್ದ ಕೈಯನ್ನು ಎತ್ತಿ ಹಿಡ್ಕೊಳ್ತಾನೆ. ಪರೀಕ್ಷೆಯಲ್ಲಿ ಪಾಸ್ ಮಾಡಿಸೋ ಪ್ರೀತಿ ಅದು, ಆದರೆ ಸ್ಕೋರ್ ತಪ್ಪಾಗುತ್ತದೆ. ಅಜ್ಜಿ ಆಷಾಢ ಅಂದರೂ ನಮಗೆ ಸರಿಯೇ, ನಾವೂ ಇಲ್ಲಿಯವರೇ ಅಲ್ವಾ. ಹೇಳಬೇಕಾದ್ದು ಏನಾದರೂ ಇದ್ದರೆ, ಈ ಕಾಲು ಮೊದಲಿಂದಲೂ ಸ್ವಲ್ಪ ವೀಕು, ಕಿವಿ ಕೇಳಿಸಲ್ಲ, ಹಿಂದೊಮ್ಮೆ ಸ್ಟ್ರೋಕ್ ಆಗಿತ್ತು, ಇಂಥವನ್ನು ಹೇಳಿ. ತೂಕ ಗೊತ್ತಿದ್ದರೆ ಅದನ್ನೂ ಹೇಳಿ. ಇಂಜೆಕ್ಷನ್ ಅಳತೆ ತೂಕದ ಮೇಲೇ.

ಸಿಟಿ ನಾರ್ಮಲ್ ಅಂದರೆ ಮನೆಗೆ ಹೋಗಬಹುದು ಅಂತಲ್ಲ

ಆಸ್ಪತ್ರೆಗೆ ಬಂದ ಇಪ್ಪತ್ತು ಇಪ್ಪತ್ತೈದು ನಿಮಿಷದೊಳಗೆ ತಲೆಯ ಸಿಟಿ ಆಗಬೇಕು ಅನ್ನೋದು ಗುರಿ. ಸ್ಕ್ಯಾನಿಗೆ ಹಿಡಿಯೋದು ಕೆಲವೇ ನಿಮಿಷ. ರಕ್ತ ಸೋರಿದ್ದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹೆಪ್ಪಿನಿಂದ ಆದ ಸ್ಟ್ರೋಕ್ ಹಾಗಲ್ಲ. ಮೊದಲ ಕೆಲವು ಗಂಟೆ ಸಿಟಿಯಲ್ಲಿ ಏನೂ ಕಾಣದೇ ಇರಬಹುದು. "ಸಿಟಿ ನಾರ್ಮಲ್ ಬಂತು, ದೇವರು ದೊಡ್ಡವನು, ನಡೀರಿ ಮನೆಗೆ" ಅಂತ ಹೊರಡೋಕೆ ರೆಡಿಯಾದವರನ್ನು ನಾವು ಬಾಗಿಲಲ್ಲಿ ಹಿಡಿದು ನಿಲ್ಲಿಸಿದ್ದುಂಟು. ಕೈ ಬಿದ್ದಿದೆ, ಸಿಟಿ ಕ್ಲಿಯರ್ ಇದೆ ಅಂದರೆ ಇಂಜೆಕ್ಷನ್ ಕೊಡೋಕೆ ಅದೇ ಒಳ್ಳೇ ಹೊತ್ತು.

ದೊಡ್ಡ ನಾಳ ಮುಚ್ಚಿದೆ ಅಂತ ಅನುಮಾನ ಇದ್ದರೆ ಬಣ್ಣದ ಔಷಧಿ ಹಾಕಿ ನಾಳಗಳ ಸ್ಕ್ಯಾನ್ ಕೂಡ ಮಾಡ್ತಾರೆ, ಆಂಜಿಯೋ ಅಂತಾರೆ. ಹಾರ್ಟಿಗೆ ಮಾಡುವ ಆಂಜಿಯೋಗ್ರಾಮ್ ಅಂದ್ಕೊಂಡು ಹೆದರಬೇಡಿ, ಇದೂ ಅದೇ ಸಿಟಿ ಮಿಷಿನ್ನಿನಲ್ಲೇ ಆಗುತ್ತದೆ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ಹೇಳಿ.

ಹೆಪ್ಪು ಕರಗಿಸುವ ಇಂಜೆಕ್ಷನ್

ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದು ಇದು. ನಾಲ್ಕೂವರೆ ಇದೆಯಲ್ಲ ಅಂತ ನಿಧಾನ ಮಾಡೋಕಲ್ಲ, ಒಂದು ಗಂಟೆಯಲ್ಲಿ ಕೊಟ್ಟದ್ದಕ್ಕೂ ನಾಲ್ಕು ಗಂಟೆಯಲ್ಲಿ ಕೊಟ್ಟದ್ದಕ್ಕೂ ಅಜಗಜಾಂತರ. ಎರಡು ಔಷಧಿ ಬಳಕೆಯಲ್ಲಿವೆ. ಆಲ್ಟೆಪ್ಲೇಸ್ ಹಳೆಯದು. ಕೆಜಿಗೆ 0.9 ಮಿಲಿಗ್ರಾಂ, ಎಷ್ಟೇ ತೂಕ ಇದ್ದರೂ ಒಟ್ಟು 90 ದಾಟುವಂತಿಲ್ಲ. ಅರವತ್ತು ಕೆಜಿ ಇರುವವರಿಗೆ 54 ಮಿಲಿಗ್ರಾಂ, ಅದರಲ್ಲಿ ಹತ್ತನೇ ಒಂದು ಭಾಗ ಮೊದಲೇ ನರಕ್ಕೆ ಕೊಟ್ಟು ಉಳಿದದ್ದನ್ನು ಪಂಪಿನಲ್ಲಿ ಒಂದು ಗಂಟೆ ಬಿಡ್ತೀವಿ. ಟೆನೆಕ್ಟೆಪ್ಲೇಸ್ ಅನ್ನೋದು ಹೊಸದು, ಒಂದೇ ಸಲ ಕೊಟ್ಟರೆ ಮುಗೀತು. ಅದರ ಅಳತೆ ಕೆಜಿಗೆ 0.25 ಮಿಲಿಗ್ರಾಂ, ಜಾಸ್ತಿ ಅಂದರೆ 25. ಇನ್ನೊಂದು ಊರಿಗೆ ಕಳಿಸೋದಿದ್ದರೆ ಟೆನೆಕ್ಟೆಪ್ಲೇಸ್ ಅನುಕೂಲ, ಆಂಬುಲೆನ್ಸಿನಲ್ಲಿ ಪಂಪಿನ ಗೋಜಿಲ್ಲ.

ಆಲ್ಟೆಪ್ಲೇಸ್ ಪುಡಿ ರೂಪದಲ್ಲಿ ಬರುತ್ತದೆ. ಅದಕ್ಕೆ ಜೊತೆಗೆ ಬಂದ ನೀರನ್ನು ಸೇರಿಸಿ ಬಾಟಲಿಯನ್ನು ಎರಡು ಅಂಗೈ ಮಧ್ಯೆ ಮೆಲ್ಲಗೆ ತಿರುಗಿಸ್ತೀವಿ. ಕುಲುಕೋ ಹಾಗಿಲ್ಲ, ನೊರೆ ಬಂದುಬಿಡುತ್ತದೆ. ಹೊರಗೆ ಗಾಜಿನ ಬಾಗಿಲಿಂದ ನೋಡುವವರಿಗೆ ಸಿಸ್ಟರ್ ಸುಮ್ನೆ ಬಾಟಲಿ ಹಿಡ್ಕೊಂಡು ನಿಂತಿದ್ದಾಳಲ್ಲ ಅನಿಸಿ ಮೈ ಉರಿಯುತ್ತದೆ. ಆ ಒಂದೆರಡು ನಿಮಿಷ ತಡ ಅಲ್ಲ.

ನಿಮ್ಮ ಮುಂದೆ ಒಪ್ಪಿಗೆ ಪತ್ರ ಬರೋದು ಈಗಲೇ. ಇದನ್ನು ಬಿಡಿಸಿ ಹೇಳ್ತೀನಿ, ಯಾಕೆಂದರೆ ಅಮೂಲ್ಯವಾದ ಹೊತ್ತು ಪೋಲಾಗೋದು ಇಲ್ಲೇ. ಡಾಕ್ಟರ್ ಎರಡು ಮಾತು ಹೇಳ್ತಾರೆ. ಕೊಟ್ಟರೆ ಕೈಕಾಲು ಸ್ವಾಧೀನಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಮೆದುಳಲ್ಲಿ ರಕ್ತಸ್ರಾವ ಆಗುವ ಅಪಾಯವೂ ಇದೆ. 1995ರಲ್ಲಿ ಅಮೆರಿಕದಲ್ಲಿ ನಡೆದ ಮೊದಲ ದೊಡ್ಡ ಅಧ್ಯಯನದಲ್ಲಿ, ಇಂಜೆಕ್ಷನ್ ತಗೊಂಡ ನೂರರಲ್ಲಿ ಆರು ಜನಕ್ಕೆ ಹೀಗೆ ತೊಂದರೆ ಕೊಡುವಂಥ ರಕ್ತಸ್ರಾವ ಆಯಿತು. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿದರೂ, ಮೂರು ತಿಂಗಳ ಮೇಲೆ ಹೆಚ್ಚು ಜನ ತಮ್ಮ ಕೆಲಸ ತಾವು ಮಾಡ್ಕೊಳ್ಳೋ ಹಾಗೆ ಇದ್ದದ್ದು ಇಂಜೆಕ್ಷನ್ ತಗೊಂಡವರ ಗುಂಪಿನಲ್ಲೇ. ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂದರೆ ರಕ್ತಸ್ರಾವ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಹೆಂಡತಿ ಮಗನನ್ನು ನೋಡ್ತಾಳೆ, ಮಗ ದೊಡ್ಡಪ್ಪನಿಗೆ ಫೋನ್ ಮಾಡ್ತಾನೆ, ದೊಡ್ಡಪ್ಪ ತಮಗೆ ಗೊತ್ತಿರೋ ಡಾಕ್ಟರನ್ನು ಕೇಳಿ ಹೇಳ್ತೀನಿ ಅಂತಾರೆ, ಆ ಡಾಕ್ಟರ್ ಫೋನ್ ಎತ್ತಲ್ಲ. ಗೋಡೆ ಗಡಿಯಾರ ಓಡ್ತಾ ಇರುತ್ತದೆ. ನನ್ನ ಮಾತು ಕೇಳಿದರೆ, ಯಾರು ಸಹಿ ಹಾಕೋದು ಅಂತ ಗಾಡಿಯಲ್ಲೇ ತೀರ್ಮಾನ ಮಾಡಿ. ಡಾಕ್ಟರನ್ನು ಇಷ್ಟು ಕೇಳಿ: ನಮ್ಮ ಪೇಷಂಟಿಗೆ ರಿಸ್ಕ್ ಜಾಸ್ತಿ ಮಾಡುವಂಥದ್ದು ಏನಾದರೂ ಇದೆಯಾ? ಕೊಡದಿದ್ದರೆ ಹೇಗಿರ್ತಾರೆ? ದೊಡ್ಡ ನಾಳ ಮುಚ್ಚಿದೆಯಾ, ಇಂಜೆಕ್ಷನ್ ಜೊತೆ ಬೇರೇನಾದರೂ ಬೇಕಾಗುತ್ತಾ? ಈ ಮೂರಕ್ಕೆ ಉತ್ತರ ಸಿಕ್ಕರೆ ದೊಡ್ಡಪ್ಪನಿಗೆ ಆಮೇಲೆ ಫೋನ್ ಮಾಡಬಹುದು.

ಎಲ್ಲರಿಗೂ ಕೊಡೋಕೆ ಬರಲ್ಲ. ಸಿಟಿಯಲ್ಲಿ ರಕ್ತಸ್ರಾವ ಕಂಡರೆ ಇಲ್ಲ. ಮೂರು ತಿಂಗಳೊಳಗೆ ತಲೆಗೆ ದೊಡ್ಡ ಪೆಟ್ಟು ಬಿದ್ದಿದ್ದರೆ, ಎರಡು ವಾರದೊಳಗೆ ದೊಡ್ಡ ಆಪರೇಷನ್ ಆಗಿದ್ದರೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದ್ದರೆ ಸಾಮಾನ್ಯವಾಗಿ ಬೇಡ ಅಂತಾರೆ. ಬಿಪಿ 185/110ರ ಒಳಗೆ ಬರಬೇಕು, ಇಲ್ಲದಿದ್ದರೆ ನರಕ್ಕೆ ಔಷಧಿ ಕೊಟ್ಟು ಮೊದಲು ಇಳಿಸ್ತಾರೆ. ಕೊಡಲ್ಲ ಅಂದರೆ ದುಡ್ಡಿಗಾಗಿ ಅಥವಾ ಅಸಡ್ಡೆಗೆ ಅಂತ ಜಗಳಕ್ಕೆ ನಿಲ್ಲಬೇಡಿ, ಕಾರಣ ಕೇಳಿ. ಹೇಳೋದು ಅವರ ಕರ್ತವ್ಯ.

ತೊಡೆಸಂದಿಯಿಂದ ಹೋಗಿ ಹೆಪ್ಪು ತೆಗೆಯೋದು

ದೊಡ್ಡ ನಾಳದಲ್ಲಿ ಕೂತ ದೊಡ್ಡ ಹೆಪ್ಪು ಎಷ್ಟೋ ಸಲ ಇಂಜೆಕ್ಷನ್ನಿಗೆ ಬಗ್ಗಲ್ಲ. ಅಂಥವರಿಗೆ ಥ್ರಾಂಬೆಕ್ಟಮಿ. ತೊಡೆಸಂದಿಯ ಅಥವಾ ಮುಂಗೈಯ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಮೆದುಳಿನವರೆಗೂ ಒಯ್ದು, ಜಾಲರಿಯಲ್ಲಿ ಹಿಡಿದು ಎಳೀತಾರೆ ಅಥವಾ ಹೀರಿ ತೆಗೀತಾರೆ. ತಲೆ ಕುಯ್ಯೋದಿಲ್ಲ. 2015ರಲ್ಲಿ ಒಂದರ ಹಿಂದೆ ಒಂದು ಐದು ಅಧ್ಯಯನಗಳು ಇದು ಕೆಲಸ ಮಾಡುತ್ತೆ ಅಂತ ತೋರಿಸಿದವು. ಸಾಮಾನ್ಯವಾಗಿ ಆರು ಗಂಟೆಯೊಳಗೆ. 2018ರ ಇನ್ನೆರಡು ಅಧ್ಯಯನಗಳ ಮೇಲೆ, ಸ್ಕ್ಯಾನಿನಲ್ಲಿ ಉಳಿಸುವ ಭಾಗ ಇನ್ನೂ ಇದೆ ಅಂತ ಕಂಡವರಿಗೆ 24 ಗಂಟೆಯವರೆಗೂ ಮಾಡ್ತಾರೆ. ಹಾಗಾಗಿ ನಾಲ್ಕೂವರೆ ಗಂಟೆ ದಾಟಿತು, ಇನ್ನು ಹೋಗಿ ಏನು ಪ್ರಯೋಜನ ಅಂತ ಮನೆಯಲ್ಲಿ ಕೂರಬೇಡಿ. ಇಂಜೆಕ್ಷನ್ ಕೆಲಸ ಮಾಡುತ್ತಾ ನೋಡಿ ಆಮೇಲೆ ಇದನ್ನು ಮಾಡ್ಸೋಣ ಅನ್ನೋದೂ ತಪ್ಪು, ಎರಡೂ ಒಂದರ ಹಿಂದೆ ಒಂದು ಕಾಯದೇ ನಡೀಬೇಕು.

ಖರ್ಚು ಲಕ್ಷಗಳಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರ್ತಾರೆ. ಚೀಟಿಗೆ ಹೋದವರು ಅವರ ಹತ್ತಿರವೇ ಹೋಗಿ, ನಮ್ಮ ಕೇಸು ಎಮರ್ಜೆನ್ಸಿಯಲ್ಲಿ ಬರುತ್ತಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ, ಈ ಟ್ರೀಟ್‌ಮೆಂಟ್ ಯೋಜನೆಯಲ್ಲಿ ಇದೆಯಾ ಅಂತ ಕೇಳಲಿ. ಬಿಲ್ ಆದ ಮೇಲೆ ಕೇಳಿದರೆ ಅವರ ಕೈಯಲ್ಲೂ ಏನೂ ಇರಲ್ಲ.

ರಕ್ತ ಸೋರಿದ್ದರೆ

ಟ್ರೀಟ್‌ಮೆಂಟ್ ಪೂರ್ತಿ ಉಲ್ಟಾ. ಬಿಪಿಯನ್ನು ಬೇಗ, ಆದರೆ ಹದವಾಗಿ, ಮೇಲಿನದು 140ರ ಹತ್ತಿರ ಬರುವ ಹಾಗೆ ಇಳಿಸ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಅದರ ಪ್ರಭಾವ ಕಳೆಯುವ ಔಷಧಿ ಕೊಡ್ತಾರೆ. ಆ ಮಾತ್ರೆ ವಾರ್ಫರಿನ್ ಆದರೆ ವಿಟಮಿನ್ ಕೆ ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಬೇಕು. ಸ್ಟ್ರಿಪ್ಪು ತನ್ನಿ ಅಂದಿದ್ದು ಇದಕ್ಕೇ. ರಕ್ತಸ್ರಾವ ಅಂದ ಕೂಡಲೇ ಆಪರೇಷನ್ ಮಾಡಿ ತೆಗೀರಿ ಅಂತ ಒತ್ತಾಯ ಮಾಡ್ತಾರೆ, ಎಲ್ಲರಿಗೂ ಅದರಿಂದ ಉಪಯೋಗ ಇಲ್ಲ. ಬೇಗ ಆಪರೇಷನ್ ಬೇಕಾಗೋದು ಮುಖ್ಯವಾಗಿ ತಲೆಯ ಹಿಂಭಾಗದ ಕಿರುಮೆದುಳಲ್ಲಿ ದೊಡ್ಡದಾಗಿ ಸೋರಿದ್ದರೆ. ಇದ್ದಕ್ಕಿದ್ದಂತೆ ಜೀವಮಾನದಲ್ಲೇ ಕಾಣದಂಥ ತಲೆನೋವು ಬಂದು ಕುತ್ತಿಗೆ ಬಿಗಿದರೆ, ನಾಳದ ಗುಳ್ಳೆ ಒಡೆದಿರಬಹುದು. ಅದಕ್ಕೆ ನ್ಯೂರೋಸರ್ಜನ್ ಇರುವ ಕಡೆಗೇ ಹೋಗಬೇಕು, ಕ್ಲಿಪ್ ಅಥವಾ ಕಾಯಿಲ್ ಹಾಕಿ ಮುಚ್ತಾರೆ.

ಹೆಪ್ಪಿನ ಸ್ಟ್ರೋಕ್ ದೊಡ್ಡದಾಗಿದ್ದು ಮೆದುಳು ಊದಿಕೊಂಡರೂ ಒಂದು ಆಪರೇಷನ್ ಇದೆ. ತಲೆಬುರುಡೆಯ ಒಂದು ತುಂಡು ತೆಗೆದು ಊತಕ್ಕೆ ಜಾಗ ಕೊಡ್ತಾರೆ, ಎರಡು ದಿನದೊಳಗೆ. ಆ ತುಂಡನ್ನು ಹೊಟ್ಟೆಯ ಚರ್ಮದಡಿ ಇಟ್ಟು ಆಮೇಲೆ ಮತ್ತೆ ಕೂರಿಸೋದೂ ಉಂಟು. ಕೇಳಿದವರಿಗೆ ತಲೆ ತಿರುಗುತ್ತದೆ, ಆದರೆ ಜೀವ ಉಳಿಸುತ್ತದೆ.

ಮೊದಲ ರಾತ್ರಿ

ಇಂಜೆಕ್ಷನ್ ಕೊಟ್ಟ ಮೇಲೆ ಎರಡು ಗಂಟೆ ಕಾಲ ಪ್ರತಿ ಹದಿನೈದು ನಿಮಿಷಕ್ಕೆ ಬಿಪಿ ನೋಡ್ತೀವಿ, ಆಮೇಲೆ ಆರು ಗಂಟೆ ಅರ್ಧರ್ಧ ಗಂಟೆಗೆ, ಆಮೇಲೆ 24 ಗಂಟೆ ತುಂಬುವವರೆಗೂ ಗಂಟೆಗೊಮ್ಮೆ. ನಿದ್ದೆ ಮಾಡೋಕೆ ಬಿಡ್ತಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲಿ ಕೂರೋಕೆ ಬಿಟ್ಟರೆ ನಿಮ್ಮ ಕಣ್ಣು ನಮಗೆ ಬೇಕು: ತಲೆನೋವು ಜಾಸ್ತಿಯಾದರೆ, ವಾಂತಿಯಾದರೆ, ಮಂಕಾದರೆ, ಕೈ ಮತ್ತೆ ಬಿದ್ದರೆ, ತುಟಿ ನಾಲಿಗೆ ಊದಿದರೆ ತಕ್ಷಣ ಕೂಗಿ. 24 ಗಂಟೆ ಆದ ಮೇಲೆ ಇನ್ನೊಂದು ಸಿಟಿ, ಅದು ಚೆನ್ನಾಗಿದ್ದರೆ ಆಸ್ಪಿರಿನ್ ಶುರು.

ಹೆಪ್ಪಿನ ಸ್ಟ್ರೋಕ್ ಆಗಿ ಇಂಜೆಕ್ಷನ್ ಕೊಡದವರಲ್ಲಿ ಬಿಪಿ 190 ಇದ್ದರೂ ಮಾತ್ರೆ ಕೊಡದೆ ಸುಮ್ನಿರ್ತಾರೆ, ಅದು ನಿರ್ಲಕ್ಷ್ಯ ಅಲ್ಲ. ಮುಚ್ಚಿದ ನಾಳದಾಚೆಗೆ ಸ್ವಲ್ಪವಾದರೂ ರಕ್ತ ಹೋಗ್ತಿರೋದು ಆ ಒತ್ತಡದಿಂದಲೇ. 220/120 ದಾಟದಿದ್ದರೆ ಮೊದಲ ದಿನ ಸಾಮಾನ್ಯವಾಗಿ ಮುಟ್ಟಲ್ಲ.

ಕೊನೆಗೆ ಎಳನೀರು. ನುಂಗುವ ಪರೀಕ್ಷೆ ಆಗುವ ತನಕ ಏನೂ ಕೊಡಬೇಡಿ ಅಂದರೂ ನಾವು ಆಚೆ ಹೋದ ಕೂಡಲೇ "ಪಾಪ, ಬೆಳಗ್ಗಿಂದ ಹೊಟ್ಟೆಗೇನೂ ಇಲ್ಲ" ಅಂತ ಮದ್ದೂರಿನ ಎಳನೀರನ್ನು ಚಮಚದಲ್ಲಿ ಹಾಕುವವರು ಇದ್ದೇ ಇರ್ತಾರೆ. ಸ್ಟ್ರೋಕಿನಿಂದ ಪಾರಾದವರು ನ್ಯುಮೋನಿಯಾದಲ್ಲಿ ಹೋಗೋದು ಹೀಗೇ. ಪರೀಕ್ಷೆಗೆ ಐದು ನಿಮಿಷ ಸಾಕು. ಕೂರಿಸಿ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಕೆಮ್ಮು ಬರುತ್ತಾ, ದನಿ ಗೊರಗೊರ ಆಗುತ್ತಾ ನೋಡ್ತೀವಿ. ಇನ್ನೂ ಮಾಡಿಲ್ಲ ಅಂದರೆ ಡ್ಯೂಟಿ ಸಿಸ್ಟರನ್ನು ಕೇಳಿ ಮಾಡಿಸಿ. ಪಾಸಾಗಲಿಲ್ಲ ಅಂದರೆ ಮೂಗಿನ ಟ್ಯೂಬು ಹಾಕ್ತೀವಿ, ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಸೋಸಿ ತಂದರೆ ಅದರಲ್ಲೇ ಕೊಡಬಹುದು. ಮಾರನೇ ದಿನ ರೌಂಡ್ಸಿಗೆ ಬಂದ ಡಾಕ್ಟರನ್ನು ಫಿಸಿಯೋಥೆರಪಿ ಯಾವತ್ತಿಂದ ಅಂತ ಕೇಳಿ, ಮತ್ತು ಸಿಟಿಯ ರಿಪೋರ್ಟ್ ಜೊತೆಗೆ ಸಿಡಿಯನ್ನೂ ಇಸ್ಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಯವರು ಮೊದಲು ಕೇಳೋದು ಅದನ್ನೇ.